ಬಿ ಬದಿಯ ಮೂರನೇ ಹಾಡು

ಗುಂತಕಲ್ಲಿನ ಡೀಸೆಲ್ ಶೆಡ್ಡಿನ ಹಿಂದೆ
ಆರನೇ ನಂಬರಿನ ಕ್ವಾರ್ಟರ್ಸಿನಲ್ಲಿ
ಕೂಸುಗಳನ್ನು ಕಾಯುವುದು ಆಗ ನನ್ನ ಕೆಲಸ.
ಪಾಯಿಂಟ್ಸ್‌ಮನ್ನರ ಮಕ್ಕಳು, ಫಿಟ್ಟರುಗಳ ಮಕ್ಕಳು,
ರೈಲ್ವೆ ಆಸ್ಪತ್ರೆಯ ಆಯಾಳ ಮಗಳು ಶಮೀನಾ.
ಹನ್ನೊಂದು ಬಾಯಿ, ಮೂರು ಭಾಷೆ,
ಮಧ್ಯಾಹ್ನ ಎರಡಕ್ಕೆ ಒಂದೇ ರಂಪ.

ಮ್ಯೂರಿಯಲ್ ಟೀಚರು ಪರ್ತ್‌ಗೆ ಹೊರಡುವಾಗ
ಕುರ್ಚಿ ಮಾರಿದರು, ಪಿಯಾನೊ ಮಾರಿದರು,
ಈ ಕ್ಯಾಸೆಟ್ಟನ್ನು ಯಾರೂ ಕೇಳಲಿಲ್ಲ.
"ತಗೋ ಹಂಪಮ್ಮಾ, ನಿನ್ನ ಪಟಾಲಮ್ಮಿಗೆ."
ಮೇಲೆ ನೀಲಿ ಶಾಯಿ: ಯುಲಾಲಿಯಾ ಬ್ರಗಾಂಜಾ, ಮಕ್ಕಳಿಗಾಗಿ.

ಬೊಂಬಾಯಿಯ ಹೋಟೆಲುಗಳಲ್ಲಿ ಜಾಝ್ ಹಾಡಿದಾಕೆಯಂತೆ,
ರಾತ್ರಿ ಹನ್ನೊಂದರ ಮೇಲೆ, ಹೊಗೆಯಲ್ಲಿ.
ನಮ್ಮಲ್ಲಿ ಆಕೆ ಹಾಡಿದ್ದು
ತೊಟ್ಟಿಲ ಬಟ್ಟೆ ಒಣಹಾಕಿದ ಹಗ್ಗದ ಕೆಳಗೆ.

ಹಾಡುಗಳು ಹಳೆಯವು,
ಇನ್‌ಸ್ಟಿಟ್ಯೂಟಿನ ಮರದ ನೆಲದ ಮೇಲೆ
ಟೀಚರ ಅಪ್ಪ ಬೂಟು ಸವೆಸಿದ ಕಾಲದವು.
ಟೋಪಿ ಕಳಕೊಂಡ ಗಾಳಿಯದು ಒಂದು,
ಟಿಕೇಟಿಲ್ಲದೆ ರೈಲು ಹತ್ತಿದ ಮಿಡತೆಯದು ಒಂದು.
ಇಂಗ್ಲಿಷು ನನಗೆ ಸ್ಟೇಷನ್ ಬೋರ್ಡಿನಷ್ಟೇ ಬರುತ್ತಿತ್ತು,
ಉಳಿದದ್ದು ನಾನು ಕಟ್ಟಿ ಹೇಳಿದ್ದು.
ಮಿಡತೆ ನಿಜಕ್ಕೂ ಮಿಡತೆಯೋ ಮದುಮಗನೋ
ಈಗಲೂ ಖಾತ್ರಿಯಿಲ್ಲ.

ಇಷ್ಟು ಮಾತ್ರ ಆಗಲೇ ಗೊತ್ತಾಗಿತ್ತು:
ಮಕ್ಕಳಿಗೆಂದು ಈಕೆ ಗಂಟಲು ಸಣ್ಣ ಮಾಡುವವಳಲ್ಲ.
ಸಕ್ಕರೆಪಾಕ ಇಲ್ಲ, "ಪುಟಾಣಿಗಳೇ" ಇಲ್ಲ.
ದೊಡ್ಡವರಿಗೆ ಹಾಡಿದ ಅದೇ ದನಿ,
ತಳದಲ್ಲಿ ಅದೇ ಒರಟು, ಹುರಿದ ಶೇಂಗಾದ ಸಿಪ್ಪೆಯದು.
ಅಳುವ ಹಾಡಾದರೆ ಅಳುವೇ.
ಮಕ್ಕಳು ತಲೆಯೆತ್ತಿ ನೋಡುತ್ತಿದ್ದವು
ಮೊದಲ ಸಲ ಯಾರೋ "ನೀವು" ಅಂದು ಮಾತಾಡಿಸಿದ ಹಾಗೆ.

ಮತ್ತೆ ಆ ತಡ.
ಡ್ರಮ್ಮಿನ ಮೇಲೆ ಬ್ರಷ್ಷು ಮುಂದೆ ಮುಂದೆ
("ಆಯಮ್ಮ ಕಸ ಹೊಡೀತಾ ಹಾಡ್ತಾಳೆ" ಅಂದಿದ್ದ ತಿಪ್ಪೇಶಿ),
ಈಕೆ ಹಿಂದೆ, ಸೆರಗು ಸರಿಮಾಡಿಕೊಳ್ಳುತ್ತ,
ಬಿಟ್ಟೇ ಹೋಯಿತು ಅನ್ನುವಷ್ಟರಲ್ಲಿ
ಕೊನೇ ಡಬ್ಬಿಗೆ ಹತ್ತಿಕೊಂಡಳು.
ಜಂಕ್ಷನ್ನಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕೆ?
ತಡವಾಗಿ ಬಂದದ್ದೂ ಬಂದದ್ದೇ.

ಬಿ ಬದಿಯ ಮೂರನೇ ಹಾಡಿನಲ್ಲಿ ಮಾತ್ರ
ಒಂದು ಕಡೆ ನಿಂತೇ ಬಿಡುತ್ತಿತ್ತು.
ದೀಪ ಆರಿಸುವ ಹಾಡು ಅದು.
ಮನೆಯಲ್ಲಿರುವುದನ್ನೆಲ್ಲ ಎಣಿಸುತ್ತಾಳೆ:
ಬೆಕ್ಕು, ಬೂಟು, ಅಜ್ಜಿ,
"ಮಗು" ಅನ್ನುವ ಮುಂಚೆ ಸದ್ದಿಲ್ಲ.
ಟೇಪು ಕಚ್ಚಿಕೊಂಡಿದೆ ಅಂದುಕೊಂಡೆ.
ಪೆನ್ಸಿಲ್ ತೂರಿಸಿ ಸುತ್ತಿದೆ, ಹೆಡ್ಡಿಗೆ ಸ್ಪಿರಿಟ್ ಒರೆಸಿದೆ,
ರಿಪೇರಿಯ ನಾಗಿರೆಡ್ಡಿಯನ್ನು ಎರಡು ಸಲ ಬೈದೆ.
ಮಕ್ಕಳು ಯಾರನ್ನೂ ಬೈಯಲಿಲ್ಲ.
ಆ ಸಂದಿನಲ್ಲಿ ತಮ್ಮ ಹೆಸರು ಕೂಗುವುದು ಕಲಿತವು:
ಶಮೀನಾ! ತಿಪ್ಪೇಶಿ! ಓಬುಳೇಸು!
ಹನ್ನೊಂದು ಹೆಸರು ಹಿಡಿಯದ ಸಂದು,
ಅದಕ್ಕೇ ದಿನಾ ಜಗಳ, ದಿನಾ ಸರತಿ.

ಮೊನ್ನೆ ಓಬುಳೇಸು ಬಂದಿದ್ದ, ಈಗ ಗೂಡ್ಸ್ ಗಾರ್ಡು,
ಫೋನಿನಲ್ಲಿ ಅವೇ ಹಾಡು ಹುಡುಕಿ ತಂದಿದ್ದ.
"ತೊಳದಂಗೈತೆ ಹಂಪಕ್ಕಾ, ಒಂದು ಗೆರಿ ಇಲ್ಲ."
ಮಿಡತೆಯ ಹಾಡಿನ ಕರಕರ ನಮ್ಮ ಟೇಪಿನದೇ. ಹೋಗಿತ್ತು.
ಗಾಳಿಯ ಹಾಡಿನ ತೊದಲೂ ನಮ್ಮದೇ. ಹೋಗಿತ್ತು;
ಇಲ್ಲದೆ ಕೇಳುವುದು ಸ್ವಲ್ಪ ಬೋಳು ಬೋಳು.
ಮೂರನೆಯದು ಬಂತು.
ಬೆಕ್ಕು. ಬೂಟು. ಅಜ್ಜಿ.

ನಿಂತಳು.

ಕಚ್ಚಿಕೊಂಡದ್ದಲ್ಲ, ಬೇಕೆಂದೇ ನಿಂತದ್ದು.
ಉಸಿರು ಒಳಗೆಳೆದದ್ದು ಕೂಡ ಕೇಳಿಸಿತು,
ಯಾರದೋ ಬೆರಳು ದಪ್ಪ ತಂತಿಯ ಮೇಲೆ ಕಾದದ್ದು.
ಇಪ್ಪತ್ತೆಂಟು ವರ್ಷ
ನಾಗಿರೆಡ್ಡಿಯ ತಲೆಗೆ ಕಟ್ಟಿದ ತಪ್ಪು
ಆಕೆ ಬಿಟ್ಟುಕೊಟ್ಟ ಜಾಗವಾಗಿತ್ತು.
ಕೇಳುವುದರಲ್ಲಿ ಮಕ್ಕಳು ನನಗಿಂತ ಮುಂದಿದ್ದವು.

ಓಬುಳೇಸು ಬಾಯಿ ತೆರೆದವನು
ಮೀಸೆ ನೆನಪಾಗಿ ಮುಚ್ಚಿಕೊಂಡ.
ಇನ್ನೊಂದು ಸಲ ಹಾಕಿಸಿದೆ.
ಈ ಸರತಿ ನಂದು ಅಂತ ಸೆರಗು ಸಿಕ್ಕಿಸಿ ಕೂತು
"ಹಂಪಮ್ಮ" ಅಂತ ಕೂಗಿದೆ.

ತಡವಾಗಿತ್ತು.
ಆಕೆ ಆಗಲೇ ದೀಪದ ಹತ್ತಿರ ಹೋಗಿದ್ದಳು.