ಅಕ್ಷರ ಜೋಡಣೆ: ಸುಗಂಧಿ

ಲೆಕ್ಕ ಇಟ್ಟಿದ್ದೇನೆ.
ಹತ್ತೊಂಬತ್ತು ವರ್ಷದಲ್ಲಿ ಈ ಬೆರಳುಗಳು
ಒಂಬತ್ತು ಮಂದಿಯನ್ನು ಬಾವಿಗೆ ಹಾರಿಸಿವೆ,
ನಾಲ್ವರ ಮೇಲೆ ಸೀಮೆಎಣ್ಣೆ ಸುರಿದಿವೆ,
ಒಬ್ಬಳಿಗೆ ಕ್ಷಯ. ಉಳಿದವರಿಗೆಲ್ಲ
ಕೊನೆಯ ಪುಟದಲ್ಲಿ ಮದುವೆ.

ನನ್ನದೇನೂ ತಪ್ಪಿಲ್ಲ, ಬರೆದದ್ದನ್ನು ಕುಟ್ಟುವ ಕೆಲಸ.
ರಥಬೀದಿಯ ಒಳಸಂದಿಯಲ್ಲಿ ಪಡಿಯಾರರ ಪ್ರೆಸ್ಸು,
ಮಾಳಿಗೆಯಲ್ಲಿ ಜಾತಕ ಬರೆಯುವವರು, ಕೆಳಗೆ ನಾನು.
ಮದುವೆ ಕಾಗದ, ಉತ್ತರಕ್ರಿಯೆ ಕಾರ್ಡು,
ನಡುನಡುವೆ ಕಾದಂಬರಿ.
ಸಾಯುವವಳ ಕೊನೆಯ ಸಾಲಿಗೆ ಬಂದಾಗ
ಒಮ್ಮೊಮ್ಮೆ ಕರೆಂಟು ಹೋಗುತ್ತಿತ್ತು.
ಸೇವ್ ಮಾಡಿರುತ್ತಿರಲಿಲ್ಲ.
ಕತ್ತಲಲ್ಲಿ ಕೂತು ಒಳಗೊಳಗೇ ಖುಷಿ:
ಅವಳಿಗೆ ಇನ್ನೊಂದು ಗಂಟೆ ಸಿಕ್ಕಿತಲ್ಲ.

ಹೋದ ಆಟಿಯಲ್ಲಿ ಬೆಂಗ್ರೆಯಿಂದ ದೋಣಿ ದಾಟಿ ಬಂದಳು
ಜಲಜಾಕ್ಷಿ ಪುತ್ರನ್,
ದಕ್ಕೆಯ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವಳು.
ಕಾದಂಬರಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ,
ಐಸಿನ ರಶೀದಿಗಳ ಬೆನ್ನಿಗೆ ಬರೆದದ್ದು.
ಒಂದು ಬದಿ 'ಹನ್ನೆರಡು ಬ್ಲಾಕು, ಬಾಕಿ ಉಂಟು',
ತಿರುಗಿಸಿದರೆ ಅಪ್ಪಿ ಅನ್ನುವವಳು
ಗಂಡನ ಎದುರು ಮೊದಲ ಸಲ ಕುರ್ಚಿಯಲ್ಲಿ ಕೂತದ್ದು.
ಕೆಲವು ಸಾಲು ಕದಡಿ ಹೋಗಿದ್ದವು.
"ಐಸು ಮಾರಾಯ್ತಿ," ಎಂದಳು,
"ಎಷ್ಟು ದೂರ ಇಟ್ಟರೂ ಒಂದು ಹನಿ ಬರ್ತದೆ."

ಕುಟ್ಟುತ್ತ ಹೋದೆ. ನೂರು ರಶೀದಿ ದಾಟಿದ ಮೇಲೆ ಹೆದರಿಕೆ ಶುರು.
ಅಪ್ಪಿಯ ಅಂಗಳದಲ್ಲಿ ಬಾವಿ ಉಂಟು.
ಇನ್ನೂರರಲ್ಲಿ ಗಂಡ ಹೊಡೆದ.
ಮುನ್ನೂರ ಹತ್ತರಲ್ಲಿ ಅವಳು ನಡುರಾತ್ರಿ ಕದ ತೆಗೆದು
ಬಾವಿಕಟ್ಟೆಗೆ ಹೋದಳು.
ನನ್ನ ಬೆರಳು ನಿಂತಿತು.
ಕರೆಂಟು ಇತ್ತು, ಹಾಳಾದ್ದು.

ಮುಂದಿನ ರಶೀದಿ ಎತ್ತಿದೆ.
ಅಪ್ಪಿ ಕೊಡಪಾನ ಇಳಿಸಿದಳು.
ಮುಖ ತೊಳೆದಳು. ತಲೆಗೆ ಎರಡು ಕೊಡ ಸುರಿದಳು.
ಒಳಗೆ ಬಂದು, ಉಳಿದ ಬಂಗುಡೆ ಸಾರಿಗೆ ಗಂಜಿ ಕಲಸಿ
ಮುಳ್ಳು ಬಿಡಿಸಿ ಬಿಡಿಸಿ ಉಂಡಳು.
ಬೆಳಿಗ್ಗೆ ಮೊದಲ ದೋಣಿಗೆ ಪೇಟೆಗೆ ಹೋಗಿ
ತನ್ನ ಅಳತೆಯ ಚಪ್ಪಲಿ ಕೊಂಡಳು.
ಮುಗಿಯಿತು.

ಪಡಿಯಾರರು ಕನ್ನಡಕ ಹಣೆಗೇರಿಸಿದರು:
"ಇದೆಂತ ಕೊನೆ? ಚಪ್ಪಲಿ ತಗೊಂಡು? ಆಮೇಲೆ?"
ಜಲಜಾಕ್ಷಿ ತನ್ನ ಕಾಲು ನೋಡಿಕೊಂಡಳು.
"ಆಮೇಲೆ ನಡೀತಾಳೆ ಸಾರ್. ಅದು ಕಷ್ಟ.
ಅದಕ್ಕೆ ಇನ್ನೊಂದು ಪುಸ್ತಕ ಬೇಕು."

ಬಂಗುಡೆ ಯಾಕೆ, 'ಊಟ ಮಾಡಿದಳು' ಸಾಕಲ್ಲ,
ಎಂದರು ಕರಡು ತಿದ್ದುವ ಮೇಷ್ಟ್ರು.
"ಬಂಗುಡೆ ಬಂಗುಡೆಯೇ," ಎಂದೆ.
ನಾನು ಬಾಯಿಬಿಟ್ಟು ಆಡಿದ ಮೊದಲ ವಿಮರ್ಶೆ.

ಬಿಡುಗಡೆ ದಿನ ಸಹಕಾರಿ ಬ್ಯಾಂಕಿನ ಮಾಳಿಗೆಯಲ್ಲಿ
ಕುರ್ಚಿ ಮೂವತ್ತು, ಜನ ಅರವತ್ತು.
ಮೀನು ಮಾರುವವರು ಬುಟ್ಟಿಗಳನ್ನು ಕೆಳಗೆ
ವಾಚ್‌ಮನ್ನನಿಗೆ ಒಪ್ಪಿಸಿ ಬಂದಿದ್ದರು.
ಓದು ಬಾರದ ಲಚ್ಚಕ್ಕ ಎರಡು ಪ್ರತಿ ಕೊಂಡಳು:
"ಒಂದು ನನಗೆ. ಒಂದು, ಓದಿ ಹೇಳುವವಳಿಗೆ."
ಉಳ್ಳಾಲದಿಂದ ಬಂದ ಬುರ್ಖಾದ ಹುಡುಗಿಯೊಬ್ಬಳು
ಭಾಷಣದ ಉದ್ದಕ್ಕೂ ತೊಡೆಯ ಮೇಲಿನ ನೋಟ್‌ಬುಕ್ಕನ್ನು
ಅಂಗೈಯಲ್ಲಿ ಮುಚ್ಚಿಕೊಂಡೇ ಇದ್ದಳು.
ಅದರ ದಪ್ಪ ನನ್ನ ಕಣ್ಣಿಗೆ ಗೊತ್ತು,
ಅಚ್ಚಿನಲ್ಲಿ ನೂರೈವತ್ತು ಪುಟಕ್ಕೆ ಕಡಿಮೆ ಇಲ್ಲ.
ಹೊರಡುವಾಗ ದಾರಿ ಹೇಳಿದೆ:
"ಹೂವಿನ ಅಂಗಡಿ ದಾಟಿ ಎಡಕ್ಕೆ. ಆರರವರೆಗೆ ಇರ್ತೇನೆ."
ತಲೆ ಆಡಿಸಿದಳು. ಬರುತ್ತಾಳೋ ಇಲ್ಲವೋ.

ಬಸ್ಸಿನಲ್ಲಿ ಪುಸ್ತಕ ತೆರೆದೆ.
ಎರಡನೇ ಪುಟದ ಅಡಿಯಲ್ಲಿ ನನ್ನ ಹೆಸರು,
ನಾನು ಕುಟ್ಟದ ಸಾಲು.
ಪಡಿಯಾರರ ಕೈಯಿಂದಲೇ ಹಾಕಿಸಿದ್ದಾಳೆ, ಕಳ್ಳಿ.
'ಸುಗಂದಿ' ಎಂದಾಗಿದೆ. ಮಹಾಪ್ರಾಣ ಬಿಟ್ಟುಹೋಗಿದೆ.
ಪೆನ್ನು ತೆಗೆದು ದಕಾರದ ಅಡಿಗೆ ಒಂದು ಗೀಟು ಎಳೆದೆ.
ಬಸ್ಸು ಕುಲುಕಿತು, ಗೀಟು ಸೊಟ್ಟ.
ನನ್ನ ಸ್ಟಾಪು ಬಂತು. ಇಳಿಯಲಿಲ್ಲ.
ಅವಳು ಗಂಜಿ ಉಣ್ಣುತ್ತಿದ್ದಳು, ನಡುವೆ ಏಳುವುದು ಹೇಗೆ?