ಬಿನ್ನವತ್ತಳೆಯ ಕರಡು

ಚೌಕಟ್ಟು ಹನ್ನೆರಡು ಇಂಚು ಅಗಲ, ಹದಿನೆಂಟು ಉದ್ದ.
ನೂರಿಪ್ಪತ್ತು ಶಬ್ದ ಹಿಡಿಯುತ್ತದೆ, ಅಂಚಿಗೆ ಬಳ್ಳಿ ಬೇಕೆಂದರೆ ನೂರು,
ಎಂದ ಗ್ರೀನ್ ಸ್ಟ್ರೀಟಿನ ಪ್ರೆಸ್ಸಿನವ.
ಕನ್ನಡ ವಿಭಾಗದಲ್ಲಿ ಉಳಿದವನು ನಾನೊಬ್ಬನೇ,
ಕೆಲಸ ನನ್ನ ಪಾಲಿಗೆ ಬಂತು:
‘ವರ್ಷದ ಅತ್ಯುತ್ತಮ ತರಬೇತುದಾರರು,
ಬಾಸ್ಕೆಟ್‌ಬಾಲ್, ಮಹಿಳಾ ವಿಭಾಗ,
ಶ್ರೀಮತಿ ಶೈಲಜಾ ಬಾನಾವಳಿ ಇವರಿಗೆ’

ಇವರಿಗೆ ಏನು?
ಕ್ರೀಡಾಲೋಕದ ಧ್ರುವತಾರೆ ಎಂದು ಬರೆದೆ, ಹೊಡೆದು ಹಾಕಿದೆ.
ಹೋದ ವರ್ಷ ನಿವೃತ್ತರಾದ ಗುಮಾಸ್ತರಿಗೂ
ಅದೇ ನಕ್ಷತ್ರ ಕೊಟ್ಟಾಗಿತ್ತು.

ಕೇಳೋಣವೆಂದು ಹೋದರೆ ಮೈದಾನದಲ್ಲಿ ಮೇಡಂ
ಏಣಿ ಹತ್ತಿ ರಿಂಗಿಗೆ ಗ್ರೀಸ್ ಬಳಿಯುತ್ತಿದ್ದರು.
ಉಪ್ಪುಗಾಳಿ ಕಾರವಾರದಲ್ಲಿ ಕಬ್ಬಿಣವನ್ನು
ಹಪ್ಪಳದ ಹಾಗೆ ತಿನ್ನುತ್ತದೆ.
‘ಬರಕೊಳ್ಳಿ ಸರ್, ಕಾಳಿ ನದಿ ಕಡೆಯ ರಿಂಗು ಎರಡು ಬೆರಳು ಕೆಳಗಿದೆ.
ಮೂರು ಪ್ರಾಚಾರ್ಯರಿಗೆ ಅರ್ಜಿ ಕೊಟ್ಟಾಯ್ತು. ಬರಕೊಳ್ಳಿ.’
ಒಂದು ಕೈಯಲ್ಲಿ ಏಣಿ ಹಿಡಿದು ಬರೆದುಕೊಂಡೆ.

ಬುಟ್ಟಿಯ ನೆಟ್ ಹೆಣೆದದ್ದು ಸುಗಂಧಾ ಹರಿಕಂತ್ರಳ ಅಪ್ಪ,
ಬಂಗಡೆ ಬಲೆಯ ನೈಲಾನಿನಲ್ಲಿ.
ಮೊದಮೊದಲು ಚೆಂಡು ಒಳಗೇ ಸಿಕ್ಕಿಕೊಳ್ಳುತ್ತಿತ್ತು,
ಹುಡುಗಿಯರು ಕೋಲಿನಿಂದ ತಿವಿದು ಬೀಳಿಸಬೇಕು.
‘ಹಿಡಿದದ್ದನ್ನು ಬಿಡುವ ಬಲೆ
ನಾನು ಹೆಣೆದವನಲ್ಲ ಬಾಯೋರೇ’
ಎಂದನಂತೆ, ನಾಚಿಕೊಂಡು, ಬಿಚ್ಚುತ್ತ.

ಮೂರು ಗಂಟೆಯ ಮೇಲೆ ಪಡುವಣ ಗಾಳಿ.
ಆಗ ನಮ್ಮ ಹುಡುಗಿಯರು ಬುಟ್ಟಿಗೆ ಗುರಿ ಇಡುವುದಿಲ್ಲ,
ಬುಟ್ಟಿಯಿಂದ ಪಡುವಣಕ್ಕೆ ಒಂದು ಗೇಣು
ಏನೂ ಇಲ್ಲದ ಜಾಗಕ್ಕೆ ಎಸೆಯುತ್ತಾರೆ.
ಉಳಿದದ್ದು ಗಾಳಿಯ ಕೆಲಸ.

ಧಾರವಾಡದಲ್ಲಿ ಫೈನಲ್ಲು ಒಳಾಂಗಣದಲ್ಲಿ.
ಮರದ ನೆಲ, ಬಿಳಿ ದೀಪ, ಮುಚ್ಚಿದ ಬಾಗಿಲು.
ಎಸೆದದ್ದೆಲ್ಲ ಒಂದು ಗೇಣು ತಪ್ಪಿ, ಒಂದೇ ಗೇಣು,
ಹದಿನಾಲ್ಕು ಸೊನ್ನೆ.
ಗ್ಯಾಲರಿಯವರು ನಕ್ಕರು.
ನಾನೂ ಅಲ್ಲಿದ್ದೆ, ತಂಡದ ಮ್ಯಾನೇಜರು,
ಅಂದರೆ ಬಾಳೆಹಣ್ಣು ಮತ್ತು ಗ್ಲೂಕೋಸ್ ಡಬ್ಬಿ ಕಾಯುವವನು.
ಟೈಮ್‌ಔಟ್ ಕೇಳಿದರು. ಈಗ ಬೈಗುಳ ಎಂದುಕೊಂಡೆ.
‘ವಾರೆಂ ನಾ ಗೋ ಹಾಂಗಾ,’ ಅಂದರು ಮೆಲ್ಲಗೆ,
‘ಇಲ್ಲಿ ಗಾಳಿ ಇಲ್ಲ.
ಅದಕ್ಕೆ ಅಂತ ಬಿಟ್ಟ ಪಾಲು ವಾಪಸ್ ತಗೊಳ್ಳಿ.’
ಅಷ್ಟೇ. ಉಳಿದ ಐವತ್ತು ಸೆಕೆಂಡು
ಎಲ್ಲರೂ ನೀರು ಕುಡಿದರು.

ಮೂರು ಅಂಕದಲ್ಲಿ ಸೋತೆವು, ಅದು ಬೇರೆ ಮಾತು.
ಅಥವಾ ಅದೇ ಮಾತೋ ಏನೋ. ಗೆದ್ದವರ ಕೋಚನ್ನು ಬಿಟ್ಟು
ಇವರಿಗೆ ಹೇಗೆ ಬಂತು ಎಂದು ಸ್ಟಾಫ್‌ರೂಮಿನಲ್ಲಿ ಇನ್ನೂ ಚರ್ಚೆ.
ಗಣಿತದ ರಾಯ್ಕರರು ಮಾತ್ರ
‘ಹದಿನಾಲ್ಕು ಇದ್ದದ್ದು ಮೂರಾಯಿತಲ್ಲ’ ಎಂದು
ಚಹಾಕ್ಕೆ ಬಿಸ್ಕೀಟು ಅದ್ದಿದರು.

ಪಾರಿತೋಷಕದ ನೆತ್ತಿಯಲ್ಲಿ ಚಿನ್ನದ ಬಣ್ಣದ ಮನುಷ್ಯ,
ಗಂಡಸು, ಗುಂಡು ಎಸೆಯುವವನ ಹಾಗಿದ್ದಾನೆ.
ಮೇಡಂ ತಿರುಗಿಸಿ ತಿರುಗಿಸಿ ನೋಡಿ
‘ಇವನ ಮೊಣಕೈ ಹೊರಗೆ ಹೋಗಿದೆ’ ಎಂದರು.
ಆಮೇಲೆ ನನ್ನ ಹಾಳೆ ಓದಿ ಒಂದು ಹೆಸರು ಸೇರಿಸಲು ಹೇಳಿದರು:
ಲೂಸಿಯಾ ಸಿದ್ದಿ. ಹಳಿಯಾಳದವಳು. ಮೂರು ವರ್ಷ ಬೆಂಚಿನಲ್ಲಿ ಕೂತು
ಎದುರಾಳಿಯ ಫೌಲುಗಳನ್ನು ಅಂಗೈಮೇಲೆ ಪೆನ್ನಿನಲ್ಲಿ ಗೀಚಿಟ್ಟವಳು.
‘ಆಡಿಸಬೇಕಿತ್ತು ಅವಳನ್ನ. ಕೊನೆಯ ಎರಡು ನಿಮಿಷ.
ತಪ್ಪಿದೆ ನಾನು. ಅದನ್ನ ಬರೀಬೇಡಿ, ಹೆಸರು ಮಾತ್ರ.’

ಬಳ್ಳಿ ಬೇಡವೆಂದೆ ಪ್ರೆಸ್ಸಿನವನಿಗೆ,
ಇಪ್ಪತ್ತು ಶಬ್ದ ಉಳಿಯಿತು; ಲೂಸಿಯಾ ಬಂದಳು, ಬಲೆಯೂ ಬಂತು.
ರಿಂಗಿನ ವಾಕ್ಯವನ್ನು ಪ್ರಾಚಾರ್ಯರು
ಕೆಂಪು ಶಾಯಿಯಲ್ಲಿ ಹೊಡೆದರು. ಎಡಗಡೆ
ಒಂದಿಷ್ಟು ಜಾಗ ಖಾಲಿ ಬಿತ್ತು.
‘ಏನು ತುಂಬಲಿ ಸರ್, ಒಂದು ಹೂವು?’
ಇರಲಿ ಬಿಡು ಮಾರಾಯ, ಅದು ಗಾಳಿಯ ಪಾಲು, ಎಂದೆ.
ಅವನಿಗೆ ಅರ್ಥವಾಗಲಿಲ್ಲ.
ಹೂವು ಹಾಕಿದ್ದಾನೆ.