ಬೇಚರಾಕ್

ಹೆಳವರ ಸಾಬಣ್ಣ ಈ ಸಲ ಎತ್ತನ್ನು ಟಾಟಾ ಏಸಿನಲ್ಲಿ ತಂದ.
ಅಗಸಿಯ ಹೊರಗೇ ಇಳಿಸಿ, ಕೋಡಿಗೆ ಗೊಂಡೆ ಕಟ್ಟಿ,
ಬೆನ್ನೇರಿ ಬಂದ, ನೂರು ಹೆಜ್ಜೆ ಮಾತ್ರ.
ಕಟ್ಟೆಯ ಮೇಲೆ ಕಂಬಳಿ ಹಾಸಿದೆವು,
ಜೋಳದ ಗುಂಪಿಯ ನೆತ್ತಿಗೆ ಎಲೆ ಅಡಿಕೆ ಇಟ್ಟೆವು.
ಉದ್ದನೆಯ ನೋಟುಬುಕ್ಕು ತೊಡೆಯ ಮೇಲೇ ಇತ್ತು, ಬಿಚ್ಚಲಿಲ್ಲ.
ಕಣ್ಣು ಮುಚ್ಚಿ, ಒಂದೇ ಉಸಿರಿಗೆ:

"ಬೆಣ್ಣಿಹಳ್ಳ ದಾಟಿ, ವರದಾ ದಾಟಿ,
ಒಂದ ಬಂಡಿ, ಎರಡ ಎತ್ತು, ಮೂರ ಕೂಸು ಕಟಿಗೊಂಡು
ಬಂದಾನ ನಿಮ್ಮ ಮೂಲಪುರುಷ.
ಮುಳ್ಳು ಕಡದಾನ, ಮಟ್ಟಿ ಕಡದಾನ,
ಹುಲಿ ಮಲಗೂ ಜಾಗಾದಾಗ ತೊಟ್ಟಲಾ ಕಟ್ಯಾನ,
ದೀಪಿಲ್ಲದ ನೆಲಕ ಮೊದಲ ದೀಪಾ ಹಚ್ಯಾನ
ಅಡಿವೆಪ್ಪ! ಅಡಿವೆಪ್ಪನ ಮಗ ಚನವೀರಪ್ಪ,
ಚನವೀರಪ್ಪಗ ನಾಕ ಮಂದಿ, ಹಿರೇವಗ ಮಕ್ಕಳಿಲ್ಲ,
ಎರಡನೇವಗ ಹಾವು ಕಡದು…"

ಒಳಗಿನಿಂದ ದೊಡ್ಡವ್ವ ಗಂಗಮಾಳವ್ವ:
"ಎರಡ ಎತ್ತಿನ್ಯಾಗ ಒಂದ ನಮ್ಮದು.
ಇನ್ನೊಂದರ ಮಾತು ಯಾಕ ಹೇಳವಲ್ಲಿ?"
ಸಾಬಣ್ಣ ಕಣ್ಣು ತೆರೆಯಲಿಲ್ಲ.
ವಂಶಾವಳಿಯಲ್ಲಿ ಎತ್ತಿನ ಹುಟ್ಟು ಕೇಳುವ ಪದ್ಧತಿಯಿಲ್ಲ.

ನಾನು ಮೋಜಣಿದಾರ,
ಮಂದಿಯ ಬಾಂದುಗಲ್ಲು ಹುಡುಕಿಕೊಡುವುದು ನನ್ನ ಕೆಲಸ.
ಹೋದ ಆಷಾಢದಲ್ಲಿ, ಹಾವೇರಿಯ ರೆಕಾರ್ಡ್ ರೂಮಿನಲ್ಲಿ,
ನಮ್ಮೂರಿನ ಹಳೇ ದಫ್ತರದ ಕೆಂಪು ಅರಿವೆ ಬಿಚ್ಚಿದ್ದೆ.
ಅರ್ಧ ಅಕ್ಷರ, ಅರ್ಧ ಹುಳ ತಿಂದ ದಾರಿ.
ಮೋಡಿಯ ಕೊಕ್ಕೆ ಬಿಡಿಸಬಲ್ಲವರು ಹೆಬಸೂರ ಮಾಸ್ತರರೊಬ್ಬರೇ,
ಭೂತಗನ್ನಡಿ ಹಿಡಿದು, ಉಗುರಿಟ್ಟು ಓದಿದರು: ಬೇಚರಾಕ್.
"ಬೇ ಅಂದರ ಇಲ್ಲ. ಚಿರಾಗ ಅಂದರ ದೀಪ.
ಊರು ಐತಿ, ದೀಪ ಇಲ್ಲ.
ಅಡವಿ ಅಂತ ಬರದಿಲ್ಲ ನೋಡು ತಮ್ಮಾ.
ಅಡವಿಗೆ ಬ್ಯಾರೆ ಶಬ್ದ ಐತಿ."

ಬಸ್ಸಿನಲ್ಲಿ ಅಕ್ಕಿಆಲೂರಿನ ತನಕ
ಆ ಮಾತು ನನ್ನ ಪಕ್ಕದ ಸೀಟಿನಲ್ಲೇ ಕೂತಿತ್ತು, ಟಿಕೀಟು ತೆಗೆಸದೆ.

ಆಗ ನೆನಪಾಯಿತು, ಹಿತ್ತಲಿನಲ್ಲಿ
ನೀರಿನ ಪೈಪಿಗೆಂದು ಜೆಸಿಬಿ ಅಗೆದಾಗ
ನೆಲ ಕುಸಿದು ಬಾಯಿಬಿಟ್ಟ ಹಗೇವು.
ನಮ್ಮವರು ಯಾರೂ ತೋಡಿದ್ದಲ್ಲ.
ಗೋಡೆಗೆ ಹುಲ್ಲು ಸುಟ್ಟ ಮಸಿ,
ತಳದಲ್ಲಿ ಬೂದಿಯಂತಾದ ನವಣೆ, ಒಂದು ಪಣತಿ,
ಕೂಸಿನ ಕೈಗಾಗುವಷ್ಟು ಗಾಜಿನ ಬಳೆ, ಒಡೆಯದ್ದು.
ಡ್ರೈವರ್ ಮೌಲಾಸಾಬ ಎಂಜಿನ್ ಆರಿಸಿ, ಕೆಳಗಿಳಿದು ನಿಂತ.
ಅಪ್ಪ ನಾಲ್ಕು ಟ್ರ್ಯಾಕ್ಟರ್ ಗರಸು ತರಿಸಿ ಮುಚ್ಚಿಸಿದ.
ಬಳೆಯನ್ನು ದೊಡ್ಡವ್ವ ಇಟ್ಟುಕೊಂಡಳು, ಯಾರನ್ನೂ ಕೇಳದೆ.

ಬಿಟ್ಟು ಹೋದರೋ, ಬಿಡಿಸಿ ಕಳಿಸಿದರೋ?
ಅಡಿವೆಪ್ಪ ಬಂಡಿಯ ಕೊಳ್ಳು ಹರಿದಾಗ
ಒಲೆಯ ಕಲ್ಲು ಇನ್ನೂ ಬೆಚ್ಚಗಿತ್ತೋ?
ಅಲ್ಲಿಗೆ ಮುಟ್ಟುವಷ್ಟು ಸರಪಳಿ ನನ್ನ ಇಲಾಖೆಯಲ್ಲಿಲ್ಲ.

ಸಾಬಣ್ಣ ನನ್ನ ಹೆಸರಿನ ತನಕ ಬಂದು ಉಸಿರು ಬಿಟ್ಟ.
ಈಗ ಪುಸ್ತಕ ಬಿಚ್ಚಿ, "ಮಗಳ ಹೆಸರು ಹೇಳ್ರಿ,
ಈಗೀಗ ಹೆಣ್ಣಮಕ್ಕಳ್ನೂ ಬರಕೋತೀವಿ."
ಹೇಳಿದೆ. ಬರೆದ.
"ಇನ್ನೊಂದೈತಿ. ಅಡಿವೆಪ್ಪನ ಮ್ಯಾಲೆ ಒಂದ ಗೆರಿ ಬಿಡು."
"ಯಾರ ಹೆಸರು?"
"ಗೊತ್ತಿಲ್ಲ."
"ಅವರು ನಿಮ್ಮವರಲ್ರಿ."
"ಅಲ್ಲ."

ಪೆನ್ನಿನ ಟೋಪಿ ಕಚ್ಚಿಕೊಂಡು ಬಹಳ ಹೊತ್ತು ಕೂತ.
ಮೂಲಪುರುಷನ ಮೇಲೆ ಸಾಲು ಬಿಟ್ಟ ಪುಟ
ಅವರಪ್ಪನ ಕಾಲದಲ್ಲೂ ಇರಲಿಲ್ಲ.
"ಖಾಲಿ ಗೆರಿ ಓದಬೇಕಂದರ
ಅಷ್ಟೊತ್ತನಕ ಉಸುರು ಹಿಡದು ನಿಂದರಬೇಕಾಕ್ಕೈತಿ.
ಅದಕ್ಕೂ ಒಂದ ಸೇರು ಬೀಳತೈತ್ರಿ."

ಅಳೆದು ಹಾಕಿದೆ.
ದೊಡ್ಡವ್ವ ಹೊಸ್ತಿಲು ದಾಟಿ ಬಂದು
ನನ್ನ ಸೇರಿನ ಮೇಲೆ ಇನ್ನೊಂದು ಬೊಗಸೆ ಸುರಿದಳು.
"ಇದು ಎತ್ತಿಂದು," ಅಂದಳು.